ಚಂದ್ರಂಪಳ್ಳಿಯ ಅಡುಗೆಮನೆಗೆ, ಕಾಡಿನ ಕಾವಲಿಗೆ ಒಂದು ಬಹಿರಂಗ ಪತ್ರ

ಚಿಂಚೋಳಿ ವನ್ಯಜೀವಿಧಾಮದ ಅರಣ್ಯ ವೀಕ್ಷಕರಿಗೆ, ಗಸ್ತು ಅರಣ್ಯ ಪಾಲಕರಿಗೆ, ಶಿಬಿರದಲ್ಲಿ ನಮಗೆ ಅಡುಗೆ ಮಾಡಿ ಬಡಿಸಿದ ಇಬ್ಬರು ತಾಯಂದಿರಿಗೆ, ನಮ್ಮನ್ನು ಕರೆದೊಯ್ದು ಕರೆತಂದ ಬಸ್ಸಿನ ಚಾಲಕರಿಗೆ,

ಪ್ರತಿ: ಜಿಲ್ಲೆಯ ಶಿಕ್ಷಣಾಧಿಕಾರಿಗಳ ಮಾಹಿತಿಗಾಗಿ.

ನಮಸ್ಕಾರ.

ಸಾಹೇಬರನ್ನು ಮೇಲೆ ಕೂರಿಸಿ, ಕೆಲಸ ಮಾಡಿದವರನ್ನು ‘ಪ್ರತಿ’ಯ ಸಾಲಿಗೆ ಇಳಿಸುವುದು ಕಚೇರಿ ಕಾಗದದ ಪದ್ಧತಿ. ಇಲ್ಲಿ ಅದು ತಿರುಗಿದೆ. ಕೈತಪ್ಪಿನಿಂದ ಆದದ್ದಲ್ಲ, ಬೇಕೆಂದೇ ಮಾಡಿದ್ದು.

ನಾನು ಕಲಬುರಗಿ ಜಿಲ್ಲೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಹದಿನೇಳು ವರ್ಷದ ಸೇವೆ. ಜನವರಿಯ ಎರಡನೆಯ ವಾರ ಒಂಬತ್ತನೆಯ ತರಗತಿಯ 41 ಮಕ್ಕಳನ್ನು ಕರೆದುಕೊಂಡು, ದೈಹಿಕ ಶಿಕ್ಷಣದ ಸರ್ ಮತ್ತು ಹಿಂದಿ ಟೀಚರ್ ಜೊತೆಗೆ, ಅರಣ್ಯ ಇಲಾಖೆ ಶಾಲಾ ಮಕ್ಕಳಿಗೆ ಕಾಡು ತೋರಿಸುವ ‘ಚಿಣ್ಣರ ವನದರ್ಶನ’ಕ್ಕೆಂದು ಚಂದ್ರಂಪಳ್ಳಿ ಜಲಾಶಯದ ಬಳಿಯ ನಿಮ್ಮ ಶಿಬಿರಕ್ಕೆ ಬಂದಿದ್ದೆ. ಎರಡು ಹಗಲು, ಒಂದು ರಾತ್ರಿ. ಮರಳಿ ಬಂದ ಮೇಲೆ ವರದಿಯ ನಮೂನೆಯೊಂದನ್ನು ತುಂಬಬೇಕಿತ್ತು. ಗಂಡು ಎಷ್ಟು, ಹೆಣ್ಣು ಎಷ್ಟು, ಕ್ರಮಿಸಿದ ದೂರ, ತಗುಲಿದ ವೆಚ್ಚ, ನಾಲ್ಕು ಭಾವಚಿತ್ರ, ಕೊನೆಯಲ್ಲಿ ‘ಕಲಿಕಾ ಫಲ’ ಎಂಬ ಎರಡು ಬೆರಳಗಲದ ಚೌಕ. ಅರ್ಧ ಗಂಟೆಯಲ್ಲಿ ತುಂಬಿ ಮುಗಿಸಿದೆ. ಆ ಚೌಕದಲ್ಲಿ ‘ಮಕ್ಕಳಲ್ಲಿ ಪರಿಸರ ಪ್ರಜ್ಞೆ ಮೂಡಿದೆ’ ಎಂದು ಬರೆದೆ. ಎಲ್ಲರೂ ಅದನ್ನೇ ಬರೆಯುತ್ತಾರೆ. ಬರೆದ ಮೇಲೆ ನಾಚಿಕೆಯಾಯಿತು. ಆ ನಾಚಿಕೆ ಒಂದು ತಿಂಗಳಾದರೂ ಹೋಗದೇ ಇದ್ದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಬರುವ ಮನಸ್ಸು ನನಗೆ ಇರಲಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿ ಬಂದಾಗ ನಮ್ಮ ಜಿಲ್ಲೆಯ ಹೆಸರನ್ನು ಕೆಳಗಿನಿಂದ ಹುಡುಕುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. 2025ರಲ್ಲಿ ಹುಡುಕುವ ಕಷ್ಟವೂ ಇರಲಿಲ್ಲ, ಕಟ್ಟಕಡೆಯಲ್ಲೇ ಇತ್ತು. ಅಂದಿನಿಂದ ಒಂಬತ್ತನೆಯ ತರಗತಿಯವರ ಮೇಲೂ ಹತ್ತನೆಯದರ ನೆರಳು. ಅದರ ಮೇಲೆ ತೊಗರಿ ರಾಶಿಯ ಕಾಲ; ಡಿಸೆಂಬರಿನಿಂದಲೇ ಅರ್ಧ ತರಗತಿ ಹೊಲದಲ್ಲಿರುತ್ತದೆ. ಬಂದಿರುವ ಎರಡು ದಿನವನ್ನೂ ಕಾಡಿಗೆ ಕೊಟ್ಟರೆ ಪಾಠ ಯಾವಾಗ ಮುಗಿಸುವುದು? ಇದರ ಜೊತೆಗೆ ಹಳೆಯ ಕಹಿಯೊಂದು ಇತ್ತು. ಹಿಂದಿನ ವರ್ಷ ಬೇರೊಂದು ಕಡೆಗೆ ಹೋಗಲೆಂದು ಹಾಕಿದ ಅರ್ಜಿ ಒಂದು ಕಚೇರಿಯ ಮೇಜಿನ ಮೇಲೆ ಮಳೆಗಾಲದಿಂದ ಯುಗಾದಿಯವರೆಗೆ ಮಲಗಿತ್ತು. ಮಕ್ಕಳಿಗೆ ‘ಆಯಿತು, ಹೋಗೋಣ’ ಎಂದು ಹೇಳಿ ಮಾತು ತಪ್ಪಿದವಳಾಗಿದ್ದೆ ನಾನು. ಈ ಸಲ ಅನುಮತಿ ಕೈಗೆ ಬಂದರೂ ನಾಲ್ಕು ದಿನ ಯಾರಿಗೂ ಹೇಳಲಿಲ್ಲ.

ಶಾಲಾ ಪ್ರವಾಸಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ವಿಜಯಪುರ, ಬಾದಾಮಿ, ಹಂಪಿ, ದುಡ್ಡು ಕೂಡಿದರೆ ಮೈಸೂರು. ತಲೆಗೆ ಇಷ್ಟೆಂದು ಹಣ ಕಟ್ಟಬೇಕು. ಕಟ್ಟಿದವರು ಬಸ್ಸಿನಲ್ಲಿ, ಕಟ್ಟದವರು ಶಾಲೆಯ ಗೇಟಿನಲ್ಲಿ ನಿಂತು ಕೈ ಬೀಸುತ್ತಾರೆ. ಆ ಕೈ ಬೀಸುವವರ ಮುಖ ನೋಡಲಾಗದೆ ನಾನು ಯಾವಾಗಲೂ ಬಸ್ಸಿನ ಆಚೆ ಬದಿಯ ಕಿಟಕಿಯ ಪಕ್ಕ ಕೂರುತ್ತಿದ್ದೆ. ಈ ಸಲ ಗೇಟಿನಲ್ಲಿ ಯಾರೂ ಉಳಿಯಲಿಲ್ಲ.

ಉಳಿಯಲಿಲ್ಲ ಎಂದರೆ ಸುಲಭವಾಗಿ ಆಯಿತೆಂದಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಮನೆಮನೆಗೆ ಹೋದೆವು. ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಕಳುಹಿಸಲು ಹನ್ನೊಂದು ಮನೆಗಳಲ್ಲಿ ಒಪ್ಪಲಿಲ್ಲ. ಹಿಂದಿ ಟೀಚರ್ ಒಂದೊಂದು ಮನೆಯಲ್ಲೂ ಎರಡೆರಡು ಕಪ್ ಚಹಾ ಕುಡಿದು ಒಪ್ಪಿಸಿದರು. ತಾಂಡಾದ ಒಂದು ಮನೆಯಲ್ಲಿ ಮಾತ್ರ ನಮ್ಮಿಬ್ಬರ ಬಾಯಿಯೂ ಕಟ್ಟಿತು. ಆ ತಾಯಿ ಕಾಗದವನ್ನು ಕೈಯಲ್ಲಿ ಹಿಡಿದು, ಅಂಗಳದ ಕಟ್ಟಿಗೆ ಹೊರೆಯ ಮೇಲೆ ಕುಳಿತು, ನಿಧಾನವಾಗಿ ಕೇಳಿದಳು: ‘ನಾವು ಮೂರು ತಲೆಮಾರು ಕಾಡಿನಲ್ಲೇ ಕಟ್ಟಿಗೆ ಹೊತ್ತವರು. ಇವಳಾದರೂ ಕಾಡು ಬಿಟ್ಟು ಹೊರಗೆ ಬರಲಿ ಎಂದು ನಿಮ್ಮ ಕೈಗೆ ಕೊಟ್ಟಿದ್ದೇವೆ. ನೀವು ಮತ್ತೆ ಕಾಡಿಗೇ ಕರೆದುಕೊಂಡು ಹೋಗುತ್ತೇನೆ ಎನ್ನುತ್ತೀರಲ್ಲ, ಅಕ್ಕೋರೆ?’

ಉತ್ತರ ನನ್ನ ಬಳಿ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಮಗಳೇ ಒಳಗಿನಿಂದ ಬಂದು ಏನೋ ಹೇಳಿದಳು. ತಾಯಿ ಹೆಬ್ಬೆಟ್ಟು ಒತ್ತಿದಳು.

ಹೊರಟ ದಿನ ಬಸ್ಸಿನ ಹಿಂದಿನ ನಾಲ್ಕು ಸೀಟುಗಳ ತುಂಬ ಕೌದಿಗಳು. ಹೊದೆಯಲು ತನ್ನಿ ಎಂದು ಹೇಳಿದ್ದಕ್ಕೆ ಒಬ್ಬರೂ ಅಂಗಡಿಯ ಚಾದರ ತಂದಿರಲಿಲ್ಲ. ಅವ್ವನ ಹಳೆಯ ಸೀರೆ, ಅಜ್ಜನ ಧೋತರ, ತಮ್ಮನ ಅಂಗಿ, ಹೋದ ವರ್ಷದ ಶಾಲೆಯ ಸಮವಸ್ತ್ರದ ನೀಲಿ ತುಂಡು, ಎಲ್ಲ ಸೇರಿಸಿ ಹೊಲಿದ ಕೌದಿಗಳು. ಬಸ್ಸೆಲ್ಲ ಕರ್ಪೂರದ ಗುಳಿಗೆ ಮತ್ತು ಒಲೆಯ ಹೊಗೆ ಕೂಡಿದ ವಾಸನೆ. ಚಾಲಕರು ಹತ್ತಿದವರೇ ಒಮ್ಮೆ ಮೂಗೆಳೆದು, ‘ನಮ್ಮ ಮನೆಗೇ ಬಂದ ಹಾಗಾಯಿತು’ ಎಂದರು.

ಚಿಂಚೋಳಿ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಅದುವರೆಗೆ ಕಣ್ಣು ಹಾಯುವ ತನಕ ಕರಿ ಎರೆ, ಕೊಯ್ದ ತೊಗರಿಯ ಕೂಳೆ. ಆಮೇಲೆ ಕೆಂಪು ಮಸಾರಿ, ಜಂಬಿಟ್ಟಿಗೆ ಕಲ್ಲು, ಕುರುಚಲು, ಆಮೇಲೆ ಮರ. ಎರಡಕ್ಕೂ ತಾಯಿ ಒಂದೇ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಹರಿದು ತಣ್ಣಗಾದ ಲಾವಾದ ಕಪ್ಪು ಕಲ್ಲು; ಅದೇ ಕಲ್ಲು ಸವೆದು ಒಂದು ಕಡೆ ಎರೆಯಾಯಿತು, ಇನ್ನೊಂದು ಕಡೆ ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಯಿತು ಎಂದು ನಾನು ಎದ್ದು ನಿಂತು ವಿವರಿಸಿದೆ. ಯಾರೂ ಕೇಳಲಿಲ್ಲ. ಅಂತ್ಯಾಕ್ಷರಿ ನಡೆದಿತ್ತು, ‘ಳ’ ಬಂದಿತ್ತು, ಜಗಳ ಹತ್ತಿತ್ತು.

ಅರಣ್ಯ ವೀಕ್ಷಕ ಕಾಕಾ ಅವರೇ (ಮಕ್ಕಳು ನಿಮ್ಮನ್ನು ಕೊನೆಯವರೆಗೂ ಕಾಕಾ ಎಂದೇ ಕರೆದರು, ನಾನೂ ಹಾಗೆಯೇ ಕರೆಯುತ್ತೇನೆ), ನಿಮ್ಮ ಮೊದಲ ಪಾಠ ಯಾವ ಪಠ್ಯಪುಸ್ತಕದಲ್ಲೂ ಬರಲು ಸಾಧ್ಯವಿಲ್ಲ. ಕಾಡಿನೊಳಗೆ ಹತ್ತು ನಿಮಿಷ ನಡೆದಿದ್ದೆವೋ ಇಲ್ಲವೋ, ನೀವು ದಾರಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿರಿ. ಸುಣ್ಣದ ಉಂಡೆಯಂಥ ಬಿಳಿ ತುಂಡೊಂದನ್ನು ಕಡ್ಡಿಯಿಂದ ಮುಂದಕ್ಕೆ ತಳ್ಳಿ, ಇದೇನು ಹೇಳಿ ಎಂದಿರಿ. ಒಬ್ಬ ಸೀಮೆಸುಣ್ಣ ಎಂದ. ಒಬ್ಬಳು ಹಕ್ಕಿಯ ಮೊಟ್ಟೆಯ ಚಿಪ್ಪು ಎಂದಳು. ಕತ್ತೆಕಿರುಬದ ಹಿಕ್ಕೆ ಎಂದು ನೀವು ಹೇಳಿದ್ದೇ ತಡ, ‘ಛೀ’ ಎಂದು 41 ಮಂದಿಯೂ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಮೂರು ಹೆಜ್ಜೆ.

ನೀವು ಮಾತಾಡಲಿಲ್ಲ. ಕಡ್ಡಿಯಿಂದ ಅದನ್ನು ಒಡೆದಿರಿ. ಒಳಗೆ ಒರಟು ಕೂದಲು, ಉಗುರಿನಷ್ಟು ಚಿಕ್ಕ ಎಲುಬಿನ ಚೂರು. ಅದು ಸತ್ತ ದನದ ಎಲುಬನ್ನೂ ಬಿಡದೆ ಅಗಿದು ನುಂಗುತ್ತದೆ, ಎಲುಬಿನ ಸುಣ್ಣವೇ ಹೀಗೆ ಒಣಗಿ ಬೆಳ್ಳಗಾಗುತ್ತದೆ ಎಂದಿರಿ. ಒಂದೊಂದೇ ತಲೆ ಮತ್ತೆ ಹತ್ತಿರ ಬಂತು. ಐದು ನಿಮಿಷದಲ್ಲಿ ಆ ಬಿಳಿ ತುಂಡಿನ ಸುತ್ತ ನಿಲ್ಲಲು ಜಾಗವಿರಲಿಲ್ಲ. ‘ಕಿರುಬ ಮಕ್ಕಳನ್ನು ಎತ್ತಿಕೊಂಡು ಹೋಗುತ್ತದಂತೆ’ ಎಂದು ಹಿಂದಿನಿಂದ ಯಾರೋ ಅಂಜುತ್ತ ಹೇಳಿದಾಗ ನೀವು ನಕ್ಕಿರಿ. ನಿಮ್ಮ ತಾಂಡಾದ ಸತ್ತ ದನಗಳನ್ನು ಅದು ಬಂದು ತಿನ್ನದೇ ಹೋದರೆ ಊರಿನಲ್ಲಿ ಮೂಗು ಬಿಡಲಾಗದು ಎಂದಿರಿ. ಆಮೇಲೆ ಹಳ್ಳದ ಹಸಿ ಮಣ್ಣಿನಲ್ಲಿ ಅದರ ಹೆಜ್ಜೆ ತೋರಿಸಿದಿರಿ. ನಾನು ಅದು ನಾಯಿಯದು ಎಂದು ಬಾಯಿ ಹಾಕಿದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ ಆ ಹುಡುಗಿ, ‘ಅಲ್ಲ ಟೀಚರ್, ಮುಂದಿನ ಪಾದ ದೊಡ್ಡದು, ಹಿಂದಿನದು ಸಣ್ಣದು, ನೋಡಿ’ ಎಂದಳು. ನೀವು ತಲೆಯಾಡಿಸಿದಿರಿ. ಹದಿನೇಳು ವರ್ಷದ ಸೇವೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ಆ ಹಳ್ಳದಲ್ಲಿ ಸ್ವಲ್ಪ ಮುಳುಗಿತು.

ಶ್ರೀಗಂಧದ ಗಿಡದ ಬಳಿಯೂ ಹೀಗೆಯೇ. ಮಕ್ಕಳು ಎಲೆ ಮೂಸಿ ಮೂಸಿ ನಿರಾಶರಾದರು. ಪರಿಮಳ ಎಲೆಯಲ್ಲಿಲ್ಲ, ವಯಸ್ಸಾದ ಮರದ ಒಳಗಿನ ಚೇಗಿನಲ್ಲಿ ಎಂದಿರಿ. ಅಷ್ಟಕ್ಕೇ ನಿಲ್ಲಿಸದೆ, ಇದು ಒಂಟಿಯಾಗಿ ಬಾಳುವ ಗಿಡವಲ್ಲ, ಮಣ್ಣಿನೊಳಗೆ ಇದರ ಬೇರು ನೆರೆಯ ಗಿಡದ ಬೇರನ್ನು ಹಿಡಿದು ಅಲ್ಲಿಂದ ನೀರು ಕುಡಿಯುತ್ತದೆ, ಅದಕ್ಕೇ ಗಂಧ ಬೆಳೆಸುವ ರೈತರು ಪಕ್ಕದಲ್ಲಿ ತೊಗರಿ ಹಾಕುತ್ತಾರೆ ಎಂದಿರಿ. ಪರಾವಲಂಬಿ ಸಸ್ಯಕ್ಕೆ ಬಂದಳಿಕೆಯ ಉದಾಹರಣೆಯನ್ನೇ ಬೋರ್ಡಿನ ಮೇಲೆ ಬರೆದುಕೊಂಡು ಬಂದವಳು ನಾನು. ಗಂಧವೂ ಅರೆ ಪರಾವಲಂಬಿ ಎಂಬುದು ಓದಿ ಗೊತ್ತಿತ್ತು. ತೊಗರಿಯ ನಾಡಿನಲ್ಲಿ ನಿಂತು ತೊಗರಿಯ ಹೆಸರು ಹೇಳಬೇಕೆಂದು ಹೊಳೆದಿರಲಿಲ್ಲ. ಮುಂದಿನ ಬೆಂಚಿನ ತುಂಟನೊಬ್ಬ ತಟ್ಟನೆ ಹೇಳಿದ: ‘ಹಾಗಾದರೆ ಗಂಧ ನಮ್ಮ ತೊಗರಿಯ ಸಾಲಗಾರ!’ ಅವನ ಮನೆಯಲ್ಲಿ ಸಾಲಗಾರ ಎಂಬ ಶಬ್ದ ಯಾವ ಅರ್ಥದಲ್ಲಿ ಓಡಾಡುತ್ತದೆಂಬುದು ನನಗೆ ಗೊತ್ತು. ಅಲ್ಲಿ ಮಾತ್ರ ಎಲ್ಲರೂ ನಕ್ಕರು, ಅವನೂ ನಕ್ಕ.

ನಾಲ್ಕು ಕೊಂಬಿನ ಕೊಂಡುಕುರಿ ಕಾಣಿಸಲಿಲ್ಲ. ತೋಳವೂ ಇಲ್ಲ. ಕಮರದ ಮರದ ಜೋಡಿ ಎಲೆಗಳನ್ನು ಚಿಟ್ಟೆಯ ರೆಕ್ಕೆಯಂತೆ ಪುಸ್ತಕದಲ್ಲಿ ಒತ್ತಿಕೊಂಡು ಬಂದದ್ದೇ ಲಾಭ. ಪ್ರಾಣಿ ಕಾಣದೆ ಮಕ್ಕಳಿಗೆ ಬೇಸರವಾಯಿತೇನೋ ಎಂದು ಗಸ್ತು ಪಾಲಕರು ಎರಡು ಮೂರು ಸಲ ಕೇಳಿದಿರಿ. ನಿಮ್ಮ ದನಿಯಲ್ಲಿ ಮನೆಗೆ ಬಂದ ನೆಂಟರಿಗೆ ಬಡಿಸಲು ಏನೋ ಕಡಿಮೆ ಬಿದ್ದ ಸಂಕೋಚವಿತ್ತು. ಬೇಸರವಾಗಲಿಲ್ಲ ಸರ್. ಕಾಡು ಎಂದರೆ ದಾಂಡೇಲಿ, ಕೊಡಗು, ಬಂಡೀಪುರ ಎಂದೇ ತಿಳಿದಿದ್ದ ಮಕ್ಕಳು ಇವರು. ನಮ್ಮ ಜಿಲ್ಲೆ ಎಂದರೆ ಬಿಸಿಲು, ತೊಗರಿ ಮತ್ತು ಶಹಾಬಾದ್ ಕಲ್ಲು ಎಂದು ನಾವೇ ಕಲಿಸಿದ್ದೇವೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ, 130 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು ತಮ್ಮದೇ ಜಿಲ್ಲೆಯಲ್ಲಿದೆ ಎಂದಾಗ ಒಬ್ಬಳು, ‘ಟೀಚರ್, ಇದು ತೆಲಂಗಾಣದ್ದಲ್ಲವೇ?’ ಎಂದು ಕೇಳಿದ್ದಳು. ಮೊಬೈಲಿನಲ್ಲಿ ಗಡಿಯಾಚೆಯ ಸಿಗ್ನಲ್ ಬರುತ್ತಿತ್ತು, ಪಾಪ.

ಈಗ ಅಡುಗೆಮನೆಗೆ ಬರುತ್ತೇನೆ. ಈ ಪತ್ರ ಹುಟ್ಟಿದ್ದು ಅಲ್ಲಿ.

ದೊಡ್ಡವ್ವ, ಸಂಜೆ ನೀವು ಮೂರು ಕಲ್ಲಿನ ಒಲೆಯ ಮುಂದೆ ಪರಾತ ಇಟ್ಟುಕೊಂಡು, ಜೋಳದ ಹಿಟ್ಟಿಗೆ ಎಸರು ಹಾಕಿ ನಾದುತ್ತಿದ್ದಿರಿ. ನಮ್ಮ ಹುಡುಗರು ಒಲೆಯ ಬಿಸಿಗೆ ಸುತ್ತ ಕೂಡಿದ್ದರು. ‘ಸುಮ್ಮನೆ ಕುಳಿತು ತಿನ್ನುವವರಿಗೆ ನನ್ನ ಒಲೆಯಲ್ಲಿ ರೊಟ್ಟಿ ಇಲ್ಲ. ಒಬ್ಬೊಬ್ಬರು ಒಂದೊಂದು ಬಡಿಯಿರಿ’ ಎಂದು ಹುಡುಗರ ಮುಂದೆ ಹಿಟ್ಟಿನ ಉಂಡೆ ಇಟ್ಟಿರಿ. ಹುಡುಗಿಯರಿಗಲ್ಲ, ಹುಡುಗರಿಗೆ. ನಾಲ್ಕು ಮಂದಿ ಬಡಿದದ್ದು ಕೈಯಲ್ಲೇ ಹರಿಯಿತು. ಹಿಂದೆ ಹಿಂದೆ ಸರಿಯುತ್ತಿದ್ದ ಐದನೆಯವನನ್ನು ಉಳಿದವರು ದಬ್ಬಿ ಕೂರಿಸಿದರು.

ಅವನು ತಲೆ ಎತ್ತಲಿಲ್ಲ. ಎಡಗೈಯಿಂದ ಹಿಟ್ಟು ಉದುರಿಸಿದ, ಬಲಗೈಯ ಅಂಚಿನಿಂದ ಉಂಡೆಯನ್ನು ತಟ್ಟಿ ತಟ್ಟಿ ತಿರುಗಿಸಿದ. ರೊಟ್ಟಿ ತಾನಾಗಿಯೇ ಸುತ್ತುತ್ತಿರುವಂತೆ ಕಾಣುತ್ತಿತ್ತು. ಎರಡೂ ಅಂಗೈ ಮೇಲೆ ಎತ್ತಿ ಹಂಚಿನ ಮೇಲೆ ಹಾಕಿ, ಯಾರೂ ಹೇಳದೆಯೇ ಹಸಿಬಟ್ಟೆ ತೆಗೆದುಕೊಂಡು ಮೇಲ್ಮೈಗೆ ನೀರು ಸವರಿದ. ಹುಡುಗರು ಸೀಟಿ ಹೊಡೆದರು. ನೀವು ನಗಲಿಲ್ಲ ದೊಡ್ಡವ್ವ. ಅವನ ಬಲಗೈ ಹಿಡಿದು ತಿರುವಿ ಬೆಂಕಿಯ ಬೆಳಕಿಗೆ ನೋಡಿದಿರಿ. ಕಿರುಬೆರಳ ಕೆಳಗಿನ ಅಂಚು ಕಾಯಿಗಟ್ಟಿತ್ತು, ಮಣಿಕಟ್ಟಿನ ಒಳಬದಿಯಲ್ಲಿ ಹಂಚು ತಾಗಿದ ಎರಡು ಹಳೆಯ ಗೆರೆಗಳಿದ್ದವು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಿರಿ: ‘ಅಕ್ಕೋರೆ, ಇವನು ದಿನಾ ರೊಟ್ಟಿ ಬಡಿಯುವ ಹುಡುಗ.’

ಆ ಹುಡುಗ ಎರಡು ವರ್ಷದಿಂದ ನನ್ನ ತರಗತಿಯಲ್ಲಿದ್ದಾನೆ. ಎರಡನೆಯ ಪೀರಿಯಡ್ಡಿನಲ್ಲಿ ತಪ್ಪದೇ ನಿದ್ದೆ ಮಾಡುತ್ತಾನೆ. ಎಷ್ಟು ಸಲ ಎಬ್ಬಿಸಿ ನಿಲ್ಲಿಸಿದ್ದೇನೋ, ರಾತ್ರಿಯೆಲ್ಲ ಮೊಬೈಲ್ ನೋಡುತ್ತೀಯೇನೋ ಎಂದು ಎಷ್ಟು ಸಲ ಗದರಿದ್ದೇನೋ. ಆ ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುವ ಕಲ್ಲಿನ ಬಳಿ ನಿಂತು ಅವನಿಂದಲೇ ತಿಳಿದುಕೊಂಡೆ. ತಾಯಿ ತಂದೆ ದೀಪಾವಳಿ ಮುಗಿದ ಮೇಲೆ ಪುಣೆಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಮನೆಯಲ್ಲಿ ಕಣ್ಣು ಕಾಣದ ಅಜ್ಜ, ಮೂರನೆಯ ತರಗತಿಯ ತಂಗಿ. ನಾಲ್ಕೂವರೆಗೆ ಎದ್ದು ನೀರು ತಂದು, ರೊಟ್ಟಿ ಬಡಿದು, ಅಜ್ಜನಿಗೆ ಮಧ್ಯಾಹ್ನಕ್ಕೂ ಮುಚ್ಚಿಟ್ಟು, ತಂಗಿಯ ಜಡೆ ಹಾಕಿ ಶಾಲೆಗೆ ಬರುತ್ತಾನೆ. ‘ಜಡೆ ಹಾಕುವುದೇ ಕಷ್ಟ ಟೀಚರ್, ರೊಟ್ಟಿ ಸುಲಭ’ ಎಂದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ನೀವು ಕೇಳಿದ್ದು ಮೊಬೈಲಿನ ಬಗ್ಗೆ’ ಎಂದ. ಅದರಲ್ಲಿ ಕೊಂಕಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕೆಂದು ನಾವೇ ಕಲಿಸಿದ್ದೇವಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟನ್ನು ಬರೆಯಲೂ ಅವನನ್ನು ಕೇಳಿಯೇ ಬರೆದಿದ್ದೇನೆ. ‘ರೊಟ್ಟಿ ಗುಂಡಗೆ ಬಂದಿತ್ತು ಎಂದೂ ಬರೆಯಿರಿ’ ಎಂದಿದ್ದಾನೆ. ಬಂದಿತ್ತು.

ಚಾಲಕರೇ, ಅಂದು ರಾತ್ರಿ ನೀವು ಬಸ್ಸಿನಲ್ಲಿ ಮಲಗಬಹುದಿತ್ತು. ನಿಮ್ಮ ಕೆಲಸ ಸಂಜೆಗೇ ಮುಗಿದಿತ್ತು. ಜಲಾಶಯದ ದಂಡೆಯ ಬಯಲಿನಲ್ಲಿ ನಾನು ಮಕ್ಕಳಿಗೆ ನಕ್ಷತ್ರ ತೋರಿಸಲು ಹೋಗಿ, ಮೊಬೈಲಿನ ಆಪ್ ತೆರೆಯದೆ ಒದ್ದಾಡುತ್ತಿದ್ದಾಗ ಮಫ್ಲರ್ ಸುತ್ತಿಕೊಂಡು ಬಂದವರು ನೀವು. ನಾಲ್ಕು ಎಕರೆ ಒಕ್ಕಲುತನ ಇದೆ, ಅಪ್ಪ ಹೇಳಿಕೊಟ್ಟದ್ದು ಎಂದು ಪೀಠಿಕೆ ಹಾಕಿ, ಸರಿಯಾಗಿ ನೆತ್ತಿಯ ಮೇಲೆ ಕೆಂಪಗೆ ಹೊಳೆಯುತ್ತಿದ್ದುದನ್ನು ತೋರಿಸಿ, ‘ಅಗೋ ರೋಹಿಣಿ’ ಎಂದಿರಿ. ಮಕ್ಕಳು ನಿಮ್ಮನ್ನು ನೋಡಿದರು. ರೋಹಿಣಿ ಅವರಿಗೆ ಮಳೆಯ ಹೆಸರು. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂಬುದನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರಿಗೆ ಅದು ಆಕಾಶದಲ್ಲಿ ಒಂದು ಚುಕ್ಕಿಯೂ ಹೌದೆಂದು ಗೊತ್ತಿರಲಿಲ್ಲ. ಪಡುವಣಕ್ಕೆ ಒತ್ತಾಗಿ ಕೂಡಿರುವುದು ಕೃತ್ತಿಕೆ, ಮೂಡಣಕ್ಕೆ ಮೂರು ಚುಕ್ಕಿ ಸಾಲಾಗಿರುವುದರ ತಲೆಯ ಕಡೆ ಮಿರಗ, ಅಂದರೆ ಮೃಗಶಿರ. ‘ಮಿರಗ ಜೂನಿನಲ್ಲಿ ಬರುತ್ತದಲ್ಲ, ಈಗೇಕೆ ಇದೆ?’ ಎಂದು ಒಬ್ಬಳು ಕೇಳಿದಳು. ಹದಿನೇಳು ವರ್ಷದಲ್ಲಿ ನನಗೆ ಯಾರೂ ಕೇಳದ ಒಳ್ಳೆಯ ಪ್ರಶ್ನೆ ಅದು. ಜೂನಿನಲ್ಲಿ ಸೂರ್ಯ ಅದೇ ಚುಕ್ಕಿಯ ಮಗ್ಗುಲಿಗೆ ಹೋಗಿ ನಿಂತಿರುತ್ತಾನೆ, ಹಗಲ ಬೆಳಕಿನಲ್ಲಿ ಅದು ಕಾಣದು, ಸೂರ್ಯ ಅಲ್ಲಿರುವ ಆ ದಿನಗಳ ಮಳೆಗೆ ಆ ಹೆಸರು ಎಂದು ನಾನು ಹೇಳಿದೆ. ಉತ್ತರ ನನ್ನದಾದರೂ ಪ್ರಶ್ನೆ ಎಬ್ಬಿಸಿದವರು ನೀವು. ಆ ಮಕ್ಕಳೆಲ್ಲ ಕತ್ತು ನೋಯುವವರೆಗೆ ಮೇಲೆ ನೋಡುತ್ತ, ಕೌದಿ ಹೊದ್ದು ಬಯಲಿನಲ್ಲೇ ಬಿದ್ದುಕೊಂಡಿದ್ದರು. ದೈಹಿಕ ಶಿಕ್ಷಣದ ಸರ್ ಮೂರು ಸಲ ತಲೆ ಎಣಿಸಿದರು. ಮೂರು ಸಲವೂ 42 ಬಂತು. ನಾಲ್ಕನೆಯ ಸಲಕ್ಕೆ ತಿಳಿಯಿತು, ಒಂದು ಕೌದಿಯ ಕೆಳಗೆ ಮಲಗಿದ್ದವರು ನೀವು.

ಮರುದಿನ ಬೆಳಗ್ಗೆ ಆರಕ್ಕೆ ಹಕ್ಕಿ ನೋಡಲು ಹೊರಡಬೇಕಿತ್ತು. ರೊಟ್ಟಿಯ ಹುಡುಗ ಏಳಲಿಲ್ಲ. ನಾಲ್ಕೂವರೆಗೆ ಏಳುವವನು ಆರಕ್ಕೂ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಕೈ ಚಾಚಿದ್ದ ನನ್ನನ್ನು ಕಾಕಾ, ನೀವು ಕಣ್ಣಿನಲ್ಲೇ ತಡೆದಿರಿ. ‘ಹಕ್ಕಿ ಎಲ್ಲಿಗೂ ಹೋಗುವುದಿಲ್ಲ, ಮಲಗಲಿ ಬಿಡಿ.’ ಒಬ್ಬ ಹುಡುಗನಿಗಾಗಿ ನಿಮ್ಮಲ್ಲೊಬ್ಬರು ಡೇರೆಯ ಬಾಗಿಲಲ್ಲಿ ಬೀಡಿಯೂ ಸೇದದೆ ಎರಡು ಗಂಟೆ ಕುಳಿತಿದ್ದಿರಿ. ಎಂಟೂವರೆಗೆ ಎದ್ದು, ಸುಸಲಾ ಮುಗಿದುಹೋಯಿತೇ ಎಂದು ಗಾಬರಿಯಿಂದ ಓಡಿ ಬಂದ. ಅವನ ಪಾಲನ್ನು ದೊಡ್ಡವ್ವ ಮುಚ್ಚಿಟ್ಟಿದ್ದರು, ಅವನು ಅಜ್ಜನಿಗೆ ಮುಚ್ಚಿಡುವ ಹಾಗೆಯೇ.

ಹಕ್ಕಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನಗೆ ಅಷ್ಟು ಗೊತ್ತಿಲ್ಲ. ಕಪ್ಪುಬಿಳಿ ಮಿಂಚುಳ್ಳಿಯೊಂದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ಬೀಳುತ್ತಿತ್ತು. ನಾಲ್ಕು ಸಲ ಬರಿ ಕೊಕ್ಕಿನಲ್ಲಿ ಎದ್ದಿತು, ಐದನೆಯ ಸಲಕ್ಕೆ ಮೀನು. ಗಣಿತದಲ್ಲಿ ಸದಾ ಏಟು ತಿನ್ನುವವನೊಬ್ಬ, ‘ನಾಲ್ಕು ಸಲ ನಪಾಸಾದರೂ ಯಾರೂ ಅದರ ಅಪ್ಪನನ್ನು ಕರೆಸಲಿಲ್ಲ’ ಎಂದ. ಹಿಂದಿ ಟೀಚರ್ ನಕ್ಕು ನಕ್ಕು ನೀರು ಕುಡಿಯಬೇಕಾಯಿತು.

ಚಂದ್ರಂಪಳ್ಳಿಯ ನೀರು ನೋಡಲು ರಜೆಯ ದಿನ ಗಾಡಿ ತೆಗೆದುಕೊಂಡು ಬರುವ ನಮ್ಮ ಊರುಗಳ ದೊಡ್ಡವರಿಗೂ ಇಲ್ಲೊಂದು ಮಾತಿದೆ. ಹೊರಡುವ ಮುನ್ನ ಮಕ್ಕಳು ದಂಡೆಯುದ್ದಕ್ಕೂ ಕಸ ಆರಿಸಿದರು. ಎರಡು ಗೋಣಿಚೀಲ ತುಂಬಿದವು. ಚಿಪ್ಸ್ ಪೊಟ್ಟಣ, ತಟ್ಟೆ, ಅದಕ್ಕಿಂತ ಹೆಚ್ಚಾಗಿ ಒಡೆದ ಬಾಟಲಿ. ಒಬ್ಬ ಹುಡುಗ ಗಾಜಿನ ಚೂರುಗಳನ್ನು ಬರಿಗೈಯಲ್ಲಿ ಆರಿಸಲು ಹೋದಾಗ ಕಾಕಾ ಅವನ ಕೈ ತಡೆದು, ತಾವೇ ಬಗ್ಗಿ ಒಂದೊಂದನ್ನೂ ಎಲೆಯಲ್ಲಿ ಸುತ್ತಿ ಹಾಕಿದರು. ಅವರ ಮುಂಗೈಯಲ್ಲಿ ಉದ್ದಕ್ಕೂ ಸುಟ್ಟ ಕಲೆ ಇದೆ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಬೆಂಕಿ ಬಿದ್ದಾಗ ಹಸಿ ಟೊಂಗೆ ಹಿಡಿದು ಬಡಿದು ಆರಿಸುವಾಗ ಆದದ್ದಂತೆ. ಯಾರೋ ಸೇದಿ ಎಸೆದ ಬೀಡಿ ಸಾಕಂತೆ ಇಡೀ ಗುಡ್ಡಕ್ಕೆ. ಮಾರ್ಚ್ ಹತ್ತಿರ ಬರುತ್ತಿದೆ. ನಿಮ್ಮ ಬಾಟಲಿ, ನಿಮ್ಮ ಬೀಡಿ, ನಿಮ್ಮ ಮನೆಯಲ್ಲೇ ಇರಲಿ.

ಶಿಕ್ಷಣಾಧಿಕಾರಿಗಳೇ, ನಿಮಗೆ ಕಳುಹಿಸಿದ ವರದಿಯ ‘ಕಲಿಕಾ ಫಲ’ದ ಚೌಕಕ್ಕೆ ಇದು ತಿದ್ದುಪಡಿ ಎಂದು ತಿಳಿಯಿರಿ. ಶಿಬಿರದಿಂದ ಬಂದ ಮೇಲೆ ನಡೆದ ಕಿರುಪರೀಕ್ಷೆಯಲ್ಲಿ ಮಕ್ಕಳ ಅಂಕ ಏರಿಲ್ಲ. ಸುಳ್ಳು ಬರೆಯಲಾರೆ. ಮುಂದಿನ ಏಪ್ರಿಲಿನಲ್ಲಿ ಏರುತ್ತದೆಂದು ಭರವಸೆ ಕೊಡುವುದೂ ನನ್ನಿಂದಾಗದು. ಬದಲಾದದ್ದು ಏನೆಂದರೆ, ಎರಡನೆಯ ಪೀರಿಯಡ್ ಈಗ ನನ್ನದಲ್ಲ. ವೇಳಾಪಟ್ಟಿ ಬದಲಿಸಿ ಅದನ್ನು ಆಟದ ಪೀರಿಯಡ್ ಮಾಡಿಸಿಕೊಂಡಿದ್ದೇವೆ. ಒಬ್ಬ ಹುಡುಗ ಆ ಹೊತ್ತು ಕಂಪ್ಯೂಟರ್ ಕೋಣೆಯ ಬೆಂಚಿನ ಮೇಲೆ ಮಲಗುತ್ತಾನೆ, ಮೂರನೆಯದಕ್ಕೆ ಎದ್ದು ಬರುತ್ತಾನೆ. ಹಾಜರಿಯಲ್ಲಿ ಅವನು ಹಾಜರು ಎಂದೇ ಇದೆ. ತಪಾಸಣೆಗೆ ಬಂದಾಗ ದಯಮಾಡಿ ಆ ಕೋಣೆಯ ಬಾಗಿಲನ್ನು ಮೆಲ್ಲಗೆ ತೆರೆಯಿರಿ. ತರಗತಿಯಲ್ಲಿ ಇನ್ನು ಯಾರ್ಯಾರ ಅಂಗೈಯಲ್ಲಿ ಏನೇನಿದೆ ಎಂದು ನೋಡುತ್ತ ಹೋದೆವು. ಗುಳೆ ಹೋದವರ ಮಕ್ಕಳು ಒಂಬತ್ತು ಮಂದಿ ಸಿಕ್ಕರು. ನಮ್ಮ ದಾಖಲೆಯಲ್ಲಿ ಇದ್ದದ್ದು ನಾಲ್ಕು.

ಕೇಳಿಕೊಳ್ಳುವುದು ಒಂದೇ. ಮುಂದಿನ ವರ್ಷ ವನದರ್ಶನಕ್ಕೆ ಶಾಲೆಗಳನ್ನು ಆರಿಸುವಾಗ ಫಲಿತಾಂಶ ನೋಡಿ ಆರಿಸಬೇಡಿ. ಮತ್ತು ಅನುಮತಿ ಎಳ್ಳ ಅಮಾವಾಸ್ಯೆಗಿಂತ ಮೊದಲೇ ಕೈಗೆ ಬಂದರೆ, ಮನೆಮನೆಗೆ ಹೋಗಿ ಚಹಾ ಕುಡಿಯಲು ಹಿಂದಿ ಟೀಚರಿಗೆ ಹೆಚ್ಚು ದಿನ ಸಿಗುತ್ತದೆ.

ತಾಂಡಾದ ಆ ತಾಯಿಯನ್ನು ಹೋದ ವಾರ ಸಂತೆಯಲ್ಲಿ ಕಂಡೆ. ಮಗಳು ಬಂದಾಗಿನಿಂದ ಹೆಜ್ಜೆ, ಹಿಕ್ಕೆ ಎಂದು ತಲೆ ತಿನ್ನುತ್ತಿದ್ದಾಳೆ ಎಂದು ದೂರಿದಳು. ಫಾರೆಸ್ಟ್ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದಳು. ಹೌದು, ಗಸ್ತು ಪಾಲಕರ ಹುದ್ದೆಯಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಪಿಯುಸಿ ಪಾಸಾಗಬೇಕು, ಓಡಬೇಕು ಎಂದೆ. ಸಂಬಳ ಎಷ್ಟೆಂದು ಕೇಳಿದಳು. ಆಮೇಲೆ ಬದನೆಕಾಯಿಯ ಚೌಕಾಸಿಗೆ ತಿರುಗಿದಳು. ಹೊರಡುವಾಗ, ಕಟ್ಟಿಗೆ ಹೊರುವವರನ್ನು ಹಿಡಿಯುವ ಕೆಲಸವಲ್ಲವೇ ಅದು ಎಂದು ಮತ್ತೊಂದು ಪ್ರಶ್ನೆ ಹಾಕಿ ನಡೆದಳು. ಕಾಕಾ, ಇದಕ್ಕೆ ಉತ್ತರ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬಹುದು. ಮುಂದಿನ ಸಲ ಅವಳನ್ನೂ ಕರೆತರುತ್ತೇನೆ, ನೀವೇ ಹೇಳಿ.

ಇನ್ನೊಂದು ಸಣ್ಣ ವಿಷಯ, ದೊಡ್ಡವ್ವ. ನಿಮ್ಮ ಅಡುಗೆಮನೆಯ ಹಿತ್ತಾಳೆಯ ಸೌಟು ನಮ್ಮ ಪಾತ್ರೆಗಳ ಜೊತೆ ಬಂದುಬಿಟ್ಟಿದೆ. ಹಿಡಿಯ ಮೇಲೆ ಹೆಸರು ಕೊರೆದಿದೆ, ಮದುವೆಯಲ್ಲಿ ಬಂದದ್ದಿರಬೇಕು. ತೊಳೆದು ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಚಾಲಕರಿಗೆ ಮತ್ತೆ ಚಿಂಚೋಳಿ ಕಡೆಯ ಡ್ಯೂಟಿ ಬಿದ್ದ ದಿನ ಅವರ ಕೈಯಲ್ಲಿ ಕಳುಹಿಸುತ್ತೇನೆ. ನಮ್ಮದೊಂದು ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ‘9 ಎ’ ಎಂದು ಬರೆದದ್ದು, ಅಲ್ಲಿ ಉಳಿದಿದ್ದರೆ ಅದರಲ್ಲಿ ಶೇಂಗಾ ಹಿಂಡಿ ಇತ್ತು. ಅದನ್ನು ಖಾಲಿ ಮಾಡಿ, ಡಬ್ಬಿ ಅಲ್ಲೇ ಇರಲಿ.

ನಿಮ್ಮ,
ವಿಜ್ಞಾನ ಶಿಕ್ಷಕಿ,
ಸರಕಾರಿ ಪ್ರೌಢಶಾಲೆ, ಕಲಬುರಗಿ ಜಿಲ್ಲೆ